ಶಾಲೆಯ ಬೀಗದ ಕೈ ಯಾರ ಹತ್ತಿರ ಇತ್ತು?

ಪ್ರೀತಿಯ ತಂಗಿ,

ನ್ಯೂಯಾರ್ಕ್ ನಗರದ ಹಳೇ ಶಾಲೆಗಳ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಳ್ಳೆಯ ವಿಷಯ ಹಿಡಿದಿದ್ದೀಯ. ಆದರೆ ಮೊದಲ ಸಾಲಲ್ಲೇ ನಿಂತುಬಿಟ್ಟೆ. '19ನೇ ಶತಮಾನದ ಶುರುವಿನಿಂದಲೇ ಅಲ್ಲಿ ಸರ್ಕಾರ ಶಾಲೆ ನಡೆಸುತ್ತಿತ್ತು' ಎಂದು ಬರೆದಿದ್ದೀಯ. ಹಾಗಲ್ಲ. 'ಪಬ್ಲಿಕ್' ಅನ್ನುವ ಪದ ನಿನ್ನ ದಾರಿ ತಪ್ಪಿಸಿದೆ.

1805ರಲ್ಲಿ ಊರಿನ ಕೆಲವು ಅನುಕೂಲಸ್ಥರು ಸೇರಿ ಫ್ರೀ ಸ್ಕೂಲ್ ಸೊಸೈಟಿ ಕಟ್ಟಿದರು. ಯಾವ ಚರ್ಚಿನ ಶಾಲೆಗೂ ಸೇರದ ಬಡ ಮಕ್ಕಳಿಗೆ ಕಲಿಸುವುದು ಅವರ ಉದ್ದೇಶ. ಆಗಿನ ಮೇಯರ್ ಡಿವಿಟ್ ಕ್ಲಿಂಟನ್ ಅದರ ಮೊದಲ ಅಧ್ಯಕ್ಷ. 1826ರಲ್ಲಿ ಅದೇ ಸಂಘ ಪಬ್ಲಿಕ್ ಸ್ಕೂಲ್ ಸೊಸೈಟಿ ಎಂದು ಹೆಸರು ಬದಲಿಸಿಕೊಂಡಿತು. ಬದಲಾಗಿದ್ದು ಹೆಸರು ಮಾತ್ರ. ದುಡ್ಡು ಜನರದ್ದು, ಆದರೆ ಟ್ರಸ್ಟಿಗಳನ್ನು ಜನ ಆರಿಸುತ್ತಿರಲಿಲ್ಲ. ಮೇಷ್ಟರನ್ನು ನೇಮಿಸುವವರೂ ಅವರೇ, ಪುಸ್ತಕ ಆರಿಸುವವರೂ ಅವರೇ.

ಕಡಿಮೆ ದುಡ್ಡಲ್ಲಿ ಆ ಶಾಲೆಗಳು ಹೇಗೆ ನಡೆದವು ಎಂಬುದನ್ನೂ ಬರಿ. ಒಂದೇ ದೊಡ್ಡ ಕೋಣೆ, ನೂರಾರು ಮಕ್ಕಳು, ಒಬ್ಬ ಮೇಷ್ಟರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಲಂಡನ್ನಿನ ಜೋಸೆಫ್ ಲಂಕಾಸ್ಟರ್ ಬೆಳೆಸಿದ ಪದ್ಧತಿ ಇದು. ಅವನಿಗೂ ಮೊದಲು ಆಂಡ್ರ್ಯೂ ಬೆಲ್ ಇದೇ ಬಗೆಯ ಪದ್ಧತಿಯನ್ನು ಮದರಾಸಿನಲ್ಲಿ ನಡೆಸಿದ್ದ. ಅಲ್ಲಿನ ಮಕ್ಕಳು ಮರಳಲ್ಲಿ ಬೆರಳಾಡಿಸಿ ಬರೆಯುವುದನ್ನು ಬೆಲ್ ಕಂಡಿದ್ದ. ನಮ್ಮ ಕೂಲಿಮಠಗಳಲ್ಲಿ ತಾತಂದಿರು ಅಕ್ಷರ ತಿದ್ದಿದ್ದೂ ಹಾಗೇ ಅಲ್ವಾ? ನ್ಯೂಯಾರ್ಕಿನ ಚಿಕ್ಕ ಮಕ್ಕಳೂ ಮರಳಿನ ಮೇಜಿನ ಮೇಲೆ ಬರೆದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಕಪ್ಪು ಜನರ ಮಕ್ಕಳನ್ನು ನೀನು ಪೂರ್ತಿ ಬಿಟ್ಟಿದ್ದೀಯ. ಅವರಿಗಾಗಿ ಗುಲಾಮಗಿರಿ ವಿರೋಧಿಸುವವರ ಸಂಘವೊಂದು 1787ರಲ್ಲೇ ಆಫ್ರಿಕನ್ ಫ್ರೀ ಸ್ಕೂಲ್ ತೆರೆದಿತ್ತು. 1834ರಲ್ಲಿ ಅದೂ ಸೊಸೈಟಿಯ ಕೈಗೆ ಹೋಯಿತು. ಇದಿಲ್ಲದೆ ನಿನ್ನ ಲೇಖನ ಅರ್ಧ.

ಈಗ ನಿಜವಾದ ಜಗಳಕ್ಕೆ ಬರೋಣ. ನೀನು ಇದನ್ನು ಎರಡೇ ಸಾಲಲ್ಲಿ ಮುಗಿಸಿದ್ದೀಯ. ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕ್ ಕುಟುಂಬಗಳು ನಗರದಲ್ಲಿ ಜಾಸ್ತಿಯಾಗುತ್ತಿದ್ದವು. ಸೊಸೈಟಿಯ ಶಾಲೆಗಳಲ್ಲಿ ಪ್ರಾಟೆಸ್ಟಂಟರ ಬೈಬಲ್ ಓದಿಸುತ್ತಿದ್ದರು. ಪಾಠದ ಪುಸ್ತಕಗಳಲ್ಲಿ ಕ್ಯಾಥೊಲಿಕರನ್ನು ಹೀಯಾಳಿಸುವ ಮಾತುಗಳಿದ್ದವು. ತನ್ನ ಅಪ್ಪ ಅಮ್ಮನ ಧರ್ಮವನ್ನು ಹಳಿಯುವ ಪಾಠವನ್ನು ಮಗು ಗಟ್ಟಿಯಾಗಿ ಓದಬೇಕು! 1840ರಲ್ಲಿ ಬಿಷಪ್ ಜಾನ್ ಹ್ಯೂಸ್ ನಗರಸಭೆಯ ಮುಂದೆ ನಿಂತು ವಾದಿಸಿದರು. ತಮ್ಮ ಶಾಲೆಗಳಿಗೂ ಸರ್ಕಾರದ ದುಡ್ಡಿನ ಪಾಲು ಬೇಕು ಎಂದು ಕೇಳಿದರು. ಸೊಸೈಟಿಯವರು ನೋವಾಗುವ ಸಾಲುಗಳ ಮೇಲೆ ಶಾಯಿ ಬಳಿಸಿದರು. ಆದರೆ ಪುಸ್ತಕ ಆರಿಸುವ ಅಧಿಕಾರ ಬಿಟ್ಟುಕೊಡಲಿಲ್ಲ.

ನಗರಸಭೆ ಹ್ಯೂಸರ ಬೇಡಿಕೆ ಒಪ್ಪಲಿಲ್ಲ. ಮಾತು ರಾಜ್ಯದ ಶಾಸನಸಭೆಗೆ ಹೋಯಿತು. ಗವರ್ನರ್ ವಿಲಿಯಂ ಸೀವರ್ಡ್ ಕ್ಯಾಥೊಲಿಕ್ ಮಕ್ಕಳ ಪರವಾಗಿದ್ದರು. 1842ರಲ್ಲಿ ಬಂದ ಕಾನೂನಿನಿಂದ ಎರಡೂ ಕಡೆಯವರಿಗೆ ಪೂರ್ತಿ ಗೆಲುವು ಸಿಗಲಿಲ್ಲ. ಧರ್ಮಬೋಧೆ ಮಾಡುವ ಶಾಲೆಗೆ ದುಡ್ಡಿಲ್ಲ ಎಂದಾಯಿತು. ಅದರ ಜೊತೆಗೇ ಪ್ರತಿ ವಾರ್ಡಿನ ಮತದಾರರು ತಮ್ಮ ಕಮಿಷನರ್, ಇನ್‌ಸ್ಪೆಕ್ಟರ್, ಟ್ರಸ್ಟಿಗಳನ್ನು ಆರಿಸುವ ಹಾಗಾಯಿತು. ಆ ಕಮಿಷನರ್‌ಗಳೇ ಸೇರಿ ಬೋರ್ಡ್ ಆಫ್ ಎಜುಕೇಷನ್. ಹ್ಯೂಸ್ ತಮ್ಮ ಜನರ ಕಾಸಿನಿಂದಲೇ ಚರ್ಚಿನ ಶಾಲೆಗಳನ್ನು ಕಟ್ಟಿದರು. ಸೊಸೈಟಿ 1853ರಲ್ಲಿ ತನ್ನ ಶಾಲೆಗಳನ್ನು ಬೋರ್ಡಿಗೆ ಒಪ್ಪಿಸಿ ಮುಚ್ಚಿಕೊಂಡಿತು.

'ಅಲ್ಲಿಂದ ಎಲ್ಲ ಸರಿಹೋಯಿತು' ಎಂದು ಮಾತ್ರ ಬರೆಯಬೇಡ. ವಾರ್ಡಿನ ಟ್ರಸ್ಟಿಗಳು ತಮಗೆ ಬೇಕಾದವರಿಗೆ ಮೇಷ್ಟರ ಕೆಲಸ ಕೊಡಿಸುವುದೂ ಇತ್ತು. ಆ ಟ್ರಸ್ಟಿಗಳ ಹುದ್ದೆ 1896ರಲ್ಲಿ ರದ್ದಾಯಿತು. ಆದರೂ ಆ ಹುದ್ದೆ ಇದ್ದಷ್ಟು ಕಾಲ ಟ್ರಸ್ಟಿ ಪಕ್ಕದ ಬೀದಿಯಲ್ಲೇ ಇರುತ್ತಿದ್ದ. ತಾಯಿಯೊಬ್ಬಳು ಹೋಗಿ ಬಾಗಿಲು ತಟ್ಟಬಹುದಿತ್ತು. ಸೊಸೈಟಿಯ ಕಾಲದಲ್ಲಿ ಅವಳು ಯಾರನ್ನು ಕೇಳಬೇಕಿತ್ತು? ನನ್ನ ಮನಸ್ಸು ವಾರ್ಡಿನವರ ಕಡೆಗೇ ವಾಲುತ್ತದೆ. ನಿನ್ನದು ಯಾವ ಕಡೆಗೆ ಎಂದು ಲೇಖನದಲ್ಲಿ ಗೊತ್ತಾಗಲಿ.

ಕಾಯ್ದೆಗಳ ಹೆಸರುಗಳಿಂದ ಶುರು ಮಾಡಬೇಡ. ಶಾಯಿ ಬಳಿದ ಆ ಪುಟದಿಂದ ಶುರು ಮಾಡು. ಆ ಪುಸ್ತಕ ಕೈಲಿ ಹಿಡಿದ ಹುಡುಗಿ, ಕಪ್ಪು ಗೆರೆಯ ಕೆಳಗೆ ಏನಿತ್ತು ಎಂದು ಬೆಳಕಿಗೆ ಹಿಡಿದು ನೋಡಿರಬಹುದು. ಬರೆದು ಕಳಿಸು, ಕಾಯ್ತಿರ್ತೀನಿ.

ನಿನ್ನ ಅಕ್ಕ