ಸೋಮವಾರದ ಪಟ್ಟಿ

ಚಿಕ್ಕಮಗಳೂರು
14 ಜುಲೈ 2025, ಸೋಮವಾರ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅಳುತ್ತಿದ್ದಾಗ ನನಗೆ ಬಾಯಿಗೆ ಬಂದದ್ದು "ಊಟ ಆಯ್ತಾ?" ಅನ್ನೋದೊಂದೇ. ಆಮೇಲೆ ನಿನ್ನಮ್ಮ ಚೆನ್ನಾಗಿ ಬೈದಳು. ಮಗಳು ರ‍್ಯಾಂಕ್ ಬಿತ್ತು ಅಂತ ಗೋಳಾಡ್ತಿದ್ರೆ ಹಾಸ್ಟೆಲ್‌ನಲ್ಲಿ ಏನು ಸಾರು ಅಂತ ಕೇಳ್ತೀರಲ್ಲ, ನೀವೂ ಒಬ್ಬ ಅಪ್ಪನಾ ಅಂತ. ಫೋನಿನಲ್ಲಿ ನನಗೆ ಮಾತು ಹೊಂದಿಬರುವುದಿಲ್ಲ, ನಿನಗೆ ಗೊತ್ತಿದ್ದದ್ದೇ. 1988ರಿಂದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಿರುವ ಕೈ ಇದು. ಹೇಳುವುದಕ್ಕಿಂತ ಬರೆಯುವುದೇ ಸಲೀಸು.

ಟೆನಿಸ್ ಅಂಡರ್ 18 ಪಟ್ಟಿಯಲ್ಲಿ 61 ಇದ್ದವಳು 138ಕ್ಕೆ ಇಳಿದೆ ಅಂದೆ. ಕಾಲು ಉಳುಕಿ ಮೂರು ತಿಂಗಳು ಕೂತಿದ್ದೆ, ಅಷ್ಟರಲ್ಲಿ ಹೋದ ವರ್ಷ ಗೆದ್ದ ಪಾಯಿಂಟೆಲ್ಲ ಉದುರಿಹೋಯ್ತು ಅಂದೆ. ಕೊನೆಗೆ "ಅಪ್ಪಾ, ನಾನು ಕೆಟ್ಟ ಪ್ಲೇಯರ್ ಆಗಿಬಿಟ್ಟೆ" ಅಂದೆಯಲ್ಲ, ಆ ಒಂದು ಮಾತು ರಾತ್ರಿಯೆಲ್ಲ ಕೊರೆಯಿತು. ಪಾಯಿಂಟು ಉದುರಿದ್ದು ಲೆಕ್ಕ. ಕೆಟ್ಟ ಪ್ಲೇಯರ್ ಅಂತ ಆ ಪಟ್ಟಿಯ ಯಾವ ಕಾಲಮ್ಮಿನಲ್ಲಿ ಬರೆದಿದೆ?

ಶನಿವಾರ ವಿಂಬಲ್ಡನ್ ಫೈನಲ್ ನೋಡಿದೆಯೋ ಇಲ್ಲವೋ. ಇಲ್ಲಿ ಪುನರ್ವಸು ಮಳೆ ಹಿಡಿದು ಕೂತಿದೆ, ಮೂರು ದಿನದಿಂದ ಬಿಸಿಲಿನ ಮುಖ ಕಂಡಿಲ್ಲ. ಎಂಟೂವರೆಗೆ ಟಿವಿ ಮುಂದೆ ಕೂತರೆ ಮೊದಲ ಸೆಟ್ಟು 6-0. ಎರಡನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ನಿನ್ನಮ್ಮ ಮೇಣದಬತ್ತಿ ಹುಡುಕಿ, ಅದು ಸಿಕ್ಕ ಮೇಲೆ ಬೆಂಕಿಪೊಟ್ಟಣ ಹುಡುಕಿ, ಅಂತೂ ಕರೆಂಟ್ ಬರುವಷ್ಟರಲ್ಲಿ ಮ್ಯಾಚೇ ಮುಗಿದಿತ್ತು. 6-0, 6-0. ಇಡೀ ಫೈನಲ್ 57 ನಿಮಿಷ. ಗೆದ್ದ ಇಗಾ ಶ್ವಿಯಾಂಟೆಕ್ ಕೈಯಲ್ಲಿ ಪ್ರಶಸ್ತಿಯ ತಟ್ಟೆ, ಸೋತ ಅಮಾಂಡಾ ಅನಿಸಿಮೋವಾ ಮೈಕಿನ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾ ತನ್ನ ಅಮ್ಮನ ಬಗ್ಗೆ ಹೇಳುತ್ತಿದ್ದಳು. "ಪಾಪ, ಯಾರ ಮಗಳೋ" ಅಂದಳು ನಿನ್ನಮ್ಮ, ಮೇಣದಬತ್ತಿ ಆರಿಸುವುದನ್ನೂ ಮರೆತು.

ಆ ಹುಡುಗಿ 2023ರಲ್ಲಿ ಇನ್ನು ಸಾಕು, ಮನಸ್ಸು ದಣಿದಿದೆ ಅಂತ ಆಟವನ್ನೇ ಬಿಟ್ಟು ತಿಂಗಳುಗಟ್ಟಲೆ ಕೂತವಳು. ರ‍್ಯಾಂಕು 400ರ ಆಚೆ ಹೋಗಿತ್ತು. ಹೋದ ವರ್ಷ ಇದೇ ವಿಂಬಲ್ಡನ್ನಿನಲ್ಲಿ ಅರ್ಹತಾ ಸುತ್ತಿನಲ್ಲೇ ಸೋತಳು, ಮುಖ್ಯ ಡ್ರಾ ಒಳಗೂ ಬರಲಿಲ್ಲ. ಈ ವರ್ಷ ಸೆಮಿಯಲ್ಲಿ ಸಬಲೆಂಕಾಳನ್ನು, ಅಂದರೆ ನಂಬರ್ 1 ಅನ್ನೇ, ಹೊಡೆದು ಫೈನಲ್‌ಗೆ ಬಂದಳು. ಇವತ್ತು ಮೊದಲ ಹತ್ತರೊಳಗಿದ್ದಾಳೆ. ಫೈನಲ್‌ನಲ್ಲಿ ಒಂದು ಗೇಮೂ ಸಿಗದೆ ಅತ್ತವಳು ಅನ್ನೋದು ಆ ಹತ್ತರ ಪಟ್ಟಿಯಲ್ಲಿ ಕಾಣುವುದಿಲ್ಲ.

ಬೆಳಿಗ್ಗೆ ಹೆಂಗಸರ ಟೆನಿಸ್ಸಿನ ಹೊಸ ಪಟ್ಟಿ ಬಂದಿತ್ತು. ಹಳೇ ಚಾಳಿ, ಆಫೀಸಿನ ಲೆಡ್ಜರ್ ಬಿಡಿಸುವ ಹಾಗೆ ಬಿಡಿಸಿ ನೋಡಿದೆ. ಗೆದ್ದ ಪಾಯಿಂಟು ಖಾತೆಯಲ್ಲಿ ಉಳಿಯೋದು 52 ವಾರ ಮಾತ್ರ. ಶ್ವಿಯಾಂಟೆಕ್ ಹೋದ ವರ್ಷ ವಿಂಬಲ್ಡನ್ ಮೂರನೇ ಸುತ್ತಿನಲ್ಲಿ ಸೋತಿದ್ದಳು, ಆ 130 ಪಾಯಿಂಟು ಹೋಗಿ 2000 ಬಂತು. ಸಬಲೆಂಕಾ ಹೋದ ವರ್ಷ ಭುಜದ ನೋವಿಂದ ಆಡಿರಲೇ ಇಲ್ಲ, ಕಳೆದುಕೊಳ್ಳೋದಕ್ಕೆ ಏನೂ ಇರಲಿಲ್ಲ. ಸೆಮಿಯಲ್ಲಿ ಸೋತರೂ 780 ಲಾಭ. ಕೊಕೊ ಗಾಫ್ ಮೊದಲ ಸುತ್ತಿನಲ್ಲೇ ಮನೆಗೆ ಹೋದಳು, ಆದರೂ ಎರಡನೇ ಜಾಗ, ಯಾಕಂದ್ರೆ ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದಿದ್ದಳು. ಇನ್ನು ಮೊದಲ ಜಾಗದಲ್ಲಿ ಕೂತಿರುವ ಸಬಲೆಂಕಾ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಅಂದರೆ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ, ಈ ವರ್ಷ ಇದುವರೆಗೆ ಒಂದನ್ನೂ ಗೆದ್ದಿಲ್ಲ. ಆಸ್ಟ್ರೇಲಿಯಾ ಫೈನಲ್ ಸೋಲು, ಪ್ಯಾರಿಸ್ ಫೈನಲ್ ಸೋಲು, ಲಂಡನ್ ಸೆಮಿ ಸೋಲು. ಆದರೆ ಎಲ್ಲ ಕಡೆ ಕೊನೆ ಕೊನೆಯವರೆಗೂ ಹೋಗಿ ಸೋತಿದ್ದಾಳೆ, ಹೋದ ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಗೆದ್ದ 2000 ಇನ್ನೂ ಖಾತೆಯಲ್ಲಿದೆ. 52 ವಾರದ ಲೆಕ್ಕ ಅಂದ್ರೆ ಇಷ್ಟೇ. ಈ ಸಲದ ಕಾಫಿಗೆ ಹೋದ ಸಲದ ಔಟ್‌ಟರ್ನ್, ಅಂದರೆ ಹದ ಮಾಡಿದ ಮೇಲೆ ಸಿಕ್ಕ ಬೀಜದ ತೂಕ, ಸೇರಿಸಿ ಬರೆಯೋಕೆ ಆಗುತ್ತಾ? ನಿನಗೂ ಆದದ್ದು ಅದೇ. ಒಂದು ಫಸಲು ಕೈತಪ್ಪಿತು.

ನಾನು ಕೆಲಸಕ್ಕೆ ಸೇರಿದ ವರ್ಷ ಸ್ಟೆಫಿ ಗ್ರಾಫ್ ವರ್ಷ. 1988ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್, ಮೇಲೆ ಸೋಲ್ ಒಲಿಂಪಿಕ್ಸ್ ಚಿನ್ನ. ಒಂದೇ ವರ್ಷದಲ್ಲಿ ಈ ಐದನ್ನೂ ಬೇರೆ ಯಾವ ಸಿಂಗಲ್ಸ್ ಆಟಗಾರರೂ, ಗಂಡಸರೂ ಸೇರಿ, ಗೆದ್ದಿಲ್ಲ. ಪೇಪರಿನಲ್ಲಿ ಬಂದ ಅವಳ ಫೋರ್‌ಹ್ಯಾಂಡ್ ಫೋಟೊ ಕತ್ತರಿಸಿ ನನ್ನ ಔಟ್‌ಟರ್ನ್ ರಿಜಿಸ್ಟರಿನ ರಟ್ಟಿನ ಒಳಗೆ ಮೈದಾ ಅಂಟಿನಲ್ಲಿ ಅಂಟಿಸಿಕೊಂಡಿದ್ದೆ. ಒಟ್ಟು 377 ವಾರ ನಂಬರ್ 1, ಅಂದರೆ ಏಳು ವರ್ಷಕ್ಕೂ ಹೆಚ್ಚು. ಅವಳ ಹಿಂದೆ ಮಾರ್ಟಿನಾ ನವ್ರಾಟಿಲೋವಾ 332, ಸೆರೆನಾ ವಿಲಿಯಮ್ಸ್ 319, ಕ್ರಿಸ್ ಎವರ್ಟ್ 260. ಇದೆಲ್ಲ ನನಗೆ ಬಾಯಿಪಾಠ, ನಿನ್ನ ಹುಟ್ಟಿದ ನಕ್ಷತ್ರ ಮಾತ್ರ ಪ್ರತಿಸಲ ಮರೆಯುತ್ತೀನಿ ಅಂತ ನಿನ್ನಮ್ಮನ ದೂರು.

ಆ ವರ್ಷದ ಪ್ಯಾರಿಸ್ ಫೈನಲ್‌ನಲ್ಲಿ ಸ್ಟೆಫಿ ನತಾಷಾ ಜ್ವೆರೆವಾ ಅನ್ನೋ 17ರ ಹುಡುಗಿಯನ್ನು ಹೀಗೇ 6-0, 6-0 ಹೊಡೆದಳು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ನಿನ್ನದೇ ವಯಸ್ಸು. ನಾವೆಲ್ಲ ಆಫೀಸಿನಲ್ಲಿ ನಕ್ಕಿದ್ದೆವು, ಈಗ ನೆನೆದರೆ ನಾಚಿಕೆ ಆಗುತ್ತೆ. ಆಮೇಲೆ ಅದೇ ಜ್ವೆರೆವಾ ಡಬಲ್ಸ್‌ನಲ್ಲಿ 18 ಗ್ರ್ಯಾಂಡ್ ಸ್ಲಾಮ್ ಗೆದ್ದಳು, ಡಬಲ್ಸ್‌ನಲ್ಲಿ ನಂಬರ್ 1 ಆದಳು. ಹತ್ತು ವರ್ಷ ಕಳೆದು, 1998ರ ವಿಂಬಲ್ಡನ್ ಮೂರನೇ ಸುತ್ತಿನಲ್ಲಿ ಸ್ಟೆಫಿಯನ್ನೇ ಎರಡು ನೇರ ಸೆಟ್‌ನಲ್ಲಿ ಸೋಲಿಸಿದಳು. ಆ ಸುದ್ದಿ ಓದಿ ಸ್ಟೆಫಿ ಅಭಿಮಾನಿಯಾದ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ.

ಸ್ಟೆಫಿಯ ಆ ಚಿತ್ರವನ್ನು ಒಂದು ಸಲ ರಿಜಿಸ್ಟರಿನಿಂದ ಕಿತ್ತಿದ್ದೆ, ನಿನಗೆ ಹೇಳಿಲ್ಲ. 1993ರ ಏಪ್ರಿಲ್ 30, ಹ್ಯಾಂಬರ್ಗ್. ಮೋನಿಕಾ ಸೆಲೆಸ್ ಆಗ ನಂಬರ್ 1, 19 ವರ್ಷಕ್ಕೇ ಎಂಟು ಗ್ರ್ಯಾಂಡ್ ಸ್ಲಾಮ್. ಗೇಮ್ ಮಧ್ಯೆ ಕುರ್ಚಿಯಲ್ಲಿ ಕೂತಿದ್ದವಳ ಬೆನ್ನಿಗೆ ಒಬ್ಬ ಚಾಕು ಹಾಕಿದ. ಸ್ಟೆಫಿ ಮತ್ತೆ ಮೊದಲಿನ ಜಾಗಕ್ಕೆ ಬರಲಿ ಅಂತಂತೆ. ಆ ಜಾಗಕ್ಕಾಗಿ! ಒಂದು ಪಟ್ಟಿಯ ಮೊದಲ ಸಾಲಿಗಾಗಿ! ಎರಡು ವರ್ಷಕ್ಕೂ ಹೆಚ್ಚು ಕಾಲ ಸೆಲೆಸ್ ಆಡಲಿಲ್ಲ. 1995ರಲ್ಲಿ ಬಂದಾಗ ಅವಳನ್ನು ಸ್ಟೆಫಿಯ ಜೊತೆ ಜಂಟಿ ನಂಬರ್ 1 ಅಂತ ಇಟ್ಟರು. ಮುಂದಿನ ವರ್ಷ ಆಸ್ಟ್ರೇಲಿಯನ್ ಓಪನ್ ಗೆದ್ದಳು, ಆಮೇಲೆ ಇನ್ನೊಂದು ಗೆಲ್ಲಲಿಲ್ಲ. ಕಿತ್ತ ಚಿತ್ರವನ್ನು ಒಂದು ತಿಂಗಳು ಡ್ರಾಯರಿನಲ್ಲಿಟ್ಟಿದ್ದು ಮತ್ತೆ ಅಂಟಿಸಿದೆ. ಸ್ಟೆಫಿಯದೇನು ತಪ್ಪು? ಆದರೂ ಆ 377ನ್ನು ಬಾಯಿಪಾಠ ಒಪ್ಪಿಸುವಾಗೆಲ್ಲ ಸೆಲೆಸ್ ಆಡದ ಆ ವಾರಗಳು ನೆನಪಾಗುತ್ತವೆ.

ನಮ್ಮಲ್ಲಿ ಬೀಜವನ್ನು ಜರಡಿಗೆ ಹಾಕುತ್ತಾರಲ್ಲ, ನೀನು ಚಿಕ್ಕವಳಿದ್ದಾಗ ಕಿವಿ ಮುಚ್ಚಿಕೊಂಡು ನೋಡುತ್ತಿದ್ದೆ. ಎಎ, ಎ, ಬಿ, ಸಿ ಅಂತ ಗಾತ್ರದ ಮೇಲೆ ಬೇರೆ ಆಗುತ್ತೆ. ಜರಡಿಗೆ ಗೊತ್ತಿರೋದು ತೂತಿನ ಅಳತೆ ಮಾತ್ರ. ರುಚಿ ನೋಡುವವರು ಬೇರೆ ರೂಮಿನಲ್ಲಿರುತ್ತಾರೆ, ಕಪ್ ಇಟ್ಟುಕೊಂಡು. ರ‍್ಯಾಂಕ್ ಪಟ್ಟಿಯೂ ಆ ಜರಡಿಯ ಹಾಗೇ. ಯೆಲೆನಾ ಯಾಂಕೋವಿಚ್ 2008ರ ವರ್ಷವನ್ನೇ ನಂಬರ್ 1 ಆಗಿ ಮುಗಿಸಿದಳು, ಸಿಂಗಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಒಂದೂ ಗೆಲ್ಲಲಿಲ್ಲ. ಪೆಟ್ರಾ ಕ್ವಿಟೋವಾ ವಿಂಬಲ್ಡನ್ ಎರಡು ಸಲ ಗೆದ್ದಳು, ಎರಡನೇ ಜಾಗ ದಾಟಲಿಲ್ಲ. ಇನ್ನೂ ವಿಚಿತ್ರ 2022ರದ್ದು. ರಷ್ಯಾ, ಬೆಲಾರುಸ್ ಆಟಗಾರರನ್ನು ವಿಂಬಲ್ಡನ್‌ನವರು ಸೇರಿಸಿಕೊಳ್ಳಲಿಲ್ಲ ಅಂತ ಆ ವರ್ಷ ಅಲ್ಲಿ ಪಾಯಿಂಟೇ ಇಲ್ಲ ಅಂದುಬಿಟ್ಟರು. ಎಲೆನಾ ರಿಬಾಕಿನಾ 23ನೆಯವಳಾಗಿ ಹೋದಳು, ಚಾಂಪಿಯನ್ ಆದಳು, ಸೋಮವಾರ ನೋಡಿದರೆ ಅದೇ 23.

ಈಗ ಮುಖ್ಯದ ಮಾತು. ಇವಾನ್ ಗೂಲಗಾಂಗ್ ಅಂತ ಆಸ್ಟ್ರೇಲಿಯಾದ ಹಳೇ ಟೆನಿಸ್ ಆಟಗಾರ್ತಿ, ಅಲ್ಲಿನ ಮೂಲನಿವಾಸಿ ಜನ. ಬ್ಯಾರೆಲನ್ ಅನ್ನೋ ಸಣ್ಣ ಊರು, ಅಪ್ಪ ಕುರಿ ಉಣ್ಣೆ ಕತ್ತರಿಸೋ ಕೆಲಸದವರು. ಆಕೆಯ ಮೊದಲ ಬ್ಯಾಟು ಹಣ್ಣಿನ ಪೆಟ್ಟಿಗೆಯ ಹಲಗೆಯದು. ಏಪ್ರಿಲ್‌ನಲ್ಲಿ ಕಾಫಿ ಖಾಲಿಯಾದ ಕಣದಲ್ಲಿ ನೀನು ಗೋಡೆಗೆ ಚೆಂಡು ಬಡಿಯುತ್ತಿದ್ದದ್ದು ನೋಡಿದಾಗೆಲ್ಲ ನನಗೆ ಆಕೆಯ ನೆನಪೇ ಬರುತ್ತಿತ್ತು. 1976ರ ಏಪ್ರಿಲ್ ಕೊನೆಯಿಂದ ಎರಡು ವಾರ ಆಕೆ ಕ್ರಿಸ್ ಎವರ್ಟ್‌ರನ್ನು ಹಿಂದಿಕ್ಕಿ ನಂಬರ್ 1 ಆಗಿದ್ದರು. ಕಂಪ್ಯೂಟರ್ ಪಟ್ಟಿ ಶುರುವಾಗಿ ಆಗಿನ್ನೂ ಆರು ತಿಂಗಳು. ಆ ವಾರಗಳ ಕಾಗದ ಎಲ್ಲೋ ಸೇರಿಹೋಗಿ ಲೆಕ್ಕದಲ್ಲಿ ಬಿಟ್ಟುಹೋಯಿತು. ಗೊತ್ತಾದದ್ದು 2007ರ ಡಿಸೆಂಬರಿನಲ್ಲಿ. 31 ವರ್ಷ! ಅಷ್ಟರಲ್ಲಿ ಆಕೆ ತಾಯಿಯಾಗಿ, ಆಮೇಲೆ 1980ರಲ್ಲಿ ಇನ್ನೊಂದು ವಿಂಬಲ್ಡನ್ ಗೆದ್ದು, ಆಟ ಬಿಟ್ಟು ಎಷ್ಟೋ ಕಾಲವಾಗಿತ್ತು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಯಾಕೆ ಅಂದ್ರೆ ಅಂಥದ್ದೇ ಒಂದು ತಪ್ಪು ನಾನೇ ಮಾಡಿದ್ದೆ. ಮೂಡಿಗೆರೆ ಕಡೆಯ ಒಬ್ಬ ಪ್ಲಾಂಟರ್ ಕಾಫಿಯಲ್ಲಿ ಎರಡು ಮೂಟೆ ಕಮ್ಮಿ ಬರೆದುಬಿಟ್ಟಿದ್ದೆ. ಅವರು ಬಂದು ಕೇಳಿದಾಗ ರಿಜಿಸ್ಟರ್ ತೋರಿಸಿ, "ಬರೆದದ್ದು ಇಷ್ಟೇ ಸಾರ್, ನಿಮ್ಮ ತೋಟದ್ದೇ ಜೊಳ್ಳು ಜಾಸ್ತಿ" ಅಂತ ಜಂಬದಿಂದ ಕಳಿಸಿದ್ದೆ. ಮೂರು ವರ್ಷದ ಮೇಲೆ ಸುಣ್ಣ ಹೊಡೆಸಲು ಬೀರು ಸರಿಸಿದರೆ ಗೋಡೆಗೆ ಅಂಟಿಕೊಂಡು ಆ ತೂಕದ ಹಾಳೆ. ನನ್ನದೇ ಕೈಬರಹ. ಭಾನುವಾರ ಬಸ್ ಹತ್ತಿ, ಹಾಳೆ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಯಜಮಾನರು ಕನ್ನಡಕ ಹಾಕಿ ಎರಡು ಸಲ ಓದಿದರು. "ಬಿಡ್ರಿ, ನೀವು ಬರೀಲಿಲ್ಲ ಅಂತ ಗಿಡ ಕಾಯಿ ಬಿಟ್ಟಿರಲಿಲ್ವಾ?" ಅಂದರು. ಕಾಫಿ ಕೊಟ್ಟರು. ಎರಡು ಮೂಟೆಯ ದುಡ್ಡು ಮಾತ್ರ ಆಫೀಸಿಗೆ ಬಂದು ಎಣಿಸಿ ತಗೊಂಡರು ಅನ್ನು.

ಸಾನಿಯಾ ಮಿರ್ಜಾ ವಿಷಯ ನಿನಗೆ ನಾನು ಹೇಳಬೇಕಿಲ್ಲ, ನಿನ್ನ ರೂಮಿನ ಗೋಡೆಯಲ್ಲೇ ಇದ್ದಾಳೆ. ಸಿಂಗಲ್ಸ್‌ನಲ್ಲಿ 27ನೇ ಜಾಗಕ್ಕೇ ನಿಂತಿತು, ಮಣಿಕಟ್ಟು ಕೈಕೊಟ್ಟಿತು. ಡಬಲ್ಸ್‌ಗೇ ಪೂರ್ತಿ ಇಳಿದಳು, 2015ರ ಏಪ್ರಿಲ್‌ನಲ್ಲಿ ನಂಬರ್ 1. ಮಾರ್ಟಿನಾ ಹಿಂಗಿಸ್ ಜೊತೆ ಸತತ 41 ಪಂದ್ಯ ಸೋಲಲಿಲ್ಲ. ಆ ಹಿಂಗಿಸ್ 16 ವರ್ಷಕ್ಕೇ ಸಿಂಗಲ್ಸ್ ನಂಬರ್ 1 ಆದವಳು, ಅಷ್ಟು ಚಿಕ್ಕ ವಯಸ್ಸಿಗೆ ಆದವರು ಇವತ್ತಿಗೂ ಇನ್ನೊಬ್ಬರಿಲ್ಲ. 2023ರಲ್ಲಿ ಸಾನಿಯಾ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿದ್ದು ನಮ್ಮ ಕೊಡಗಿನ ಬೋಪಣ್ಣನ ಜೊತೆ. ಆತನಿಗೆ ಡಬಲ್ಸ್ ನಂಬರ್ 1 ಬಂದದ್ದು 43 ವರ್ಷಕ್ಕೆ, ನೆನಪಿರಲಿ. ನಾನು 43ಕ್ಕೆ ಮಂಡಿನೋವಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ.

ನೀನು "ಬಿಟ್ಟುಬಿಡ್ಲಾ" ಅಂತಲೂ ಕೇಳಿದೆ. ಮೆಲ್ಲಗೆ ಕೇಳಿದೆ, ಆದರೂ ಕೇಳಿಸಿತು. ಆಶ್ಲೀ ಬಾರ್ಟಿ ಒಂದು ಸಲ ಟೆನಿಸ್ ಬಿಟ್ಟು ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಲು ಹೋದಳು, ವಾಪಸ್ ಬಂದಳು, ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದಳು. 2022ರ ಮಾರ್ಚ್‌ನಲ್ಲಿ, 25 ವರ್ಷಕ್ಕೆ, ನಂಬರ್ 1 ಆಗಿದ್ದಾಗಲೇ ಸಾಕು ಅಂದಳು. ಅವಳ ಅಪ್ಪ ಅಮ್ಮ ಏನಂದರೋ, ನಾನಂತೂ ಏನೂ ಅನ್ನೋದಿಲ್ಲ. ಬಿಡಬೇಕು ಅನಿಸಿದರೆ ಬಾ, ನಿನ್ನ ರೂಮು ಹಾಗೇ ಇದೆ. ಆದರೆ 138 ನೋಡಿ ಬರಬೇಡ. ಬೆಳಿಗ್ಗೆ ಎದ್ದು ಕೋರ್ಟಿಗೆ ಹೋಗೋಕೆ ಮನಸ್ಸು ಬರ್ತಿಲ್ಲ ಅನಿಸಿದರೆ ಹೇಳು, ಕಡೂರಿಗೆ ಬಂದು ಟ್ರೈನಿನಿಂದ ನಾನೇ ಇಳಿಸಿಕೊಳ್ತೀನಿ.

ಅಮ್ಮ ಕಳಲೆ ಉಪ್ಪಿನಕಾಯಿ, ರವೆಉಂಡೆ ಕಟ್ಟಿದ್ದಾಳೆ, ನಾಳೆ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕುತ್ತೀನಿ. ಪತ್ರೊಡೆ ಕಳಿಸಬೇಕು ಅಂತಿದ್ದಳು, ದಾರಿಯಲ್ಲಿ ಹಳಸುತ್ತೆ ಅಂತ ತಡೆದೆ. ಹೋದ ಸಲದ ಎರಡು ಸ್ಟೀಲ್ ಡಬ್ಬಿ ನಿನ್ನ ಹತ್ತಿರವೇ ಉಳಿದಿವೆಯಂತೆ, ಒಂದರ ಮುಚ್ಚಳ ಇಲ್ಲಿದೆ, ಅದನ್ನೂ ಇಟ್ಟಿದ್ದೀನಿ. ಪಾದದ ಊತ ಇಳಿದಿದೆಯಾ ಇಲ್ಲವಾ ಅಂತ ಫೋನಿನಲ್ಲಿ ಹೇಳಲೇ ಇಲ್ಲ. ಎರಡೂ ಕಾಲು ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಕಳಿಸು, ವ್ಯತ್ಯಾಸ ಗೊತ್ತಾಗಲಿ.

ಅಪ್ಪ