ಗೂಡ್ಸ್ ಗಾಡಿ ಹತ್ತಿದ ಹಡಗಿನ ಫ್ಯಾನ್

ಆಕ್ಸ್‌ಫರ್ಡ್
ಭಾನುವಾರ

ಪ್ರೀತಿಯ ಅಪ್ಪ,

ನಮಸ್ಕಾರ. ನಾನು ಆರಾಮ. ಅಮ್ಮ ಕಳಿಸಿದ ಉಪ್ಪಿನಕಾಯಿ ಇನ್ನೂ ಉಂಟು, ಚಿಂತೆ ಬೇಡ ಅನ್ನಿ. ಓದಿನ ಸುದ್ದಿ ಫೋನಿನಲ್ಲೇ ಹೇಳಿದ್ದೇನೆ. ಇದು ಬೇರೆ ವಿಷಯ, ನಿಮಗೇ ಬರೆಯಬೇಕು ಅನಿಸಿತು.

ಇಲ್ಲಿ ಆಶ್ಮೋಲಿಯನ್ ಅಂತ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ. ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಮಾಸುತ್ತವೆ ಅಂತ ಎಲ್ಲವನ್ನೂ ಗೋಡೆಗೆ ಹಾಕುವುದಿಲ್ಲ. ಮೊದಲೇ ಕೇಳಿಕೊಂಡರೆ ತೆಗೆದು ತೋರಿಸುತ್ತಾರೆ. ಹಾಗೆ ನೋಡಿದ್ದು ಎರಿಕ್ ರವಿಲಿಯಸ್ ಎಂಬವನ 1940ರ ಜಲವರ್ಣ. ಅದರಲ್ಲಿ ಏನಿದೆ ಗೊತ್ತಾ? ರೈಲಿನ ಬಯಲು ವ್ಯಾಗನ್ ಮೇಲೆ ಏರಿಸಿಟ್ಟ ಹಡಗಿನ ಫ್ಯಾನ್, ಅದೇ ನೀರಿನಡಿ ತಿರುಗಿ ಹಡಗನ್ನು ತಳ್ಳುವ ಪ್ರೊಪೆಲ್ಲರ್! ಸುತ್ತ ಹಿಮ.

ನಮ್ಮ ದಕ್ಕೆಯಲ್ಲಿ ಫ್ಯಾನ್ ಯಾರಿಗಾದರೂ ನೆನಪಾಗುವುದು ಅದಕ್ಕೆ ಬಲೆ ಸುತ್ತಿಕೊಂಡಾಗ ಮಾತ್ರ, ಅಲ್ವಾ? ಈ ಮನುಷ್ಯ ಅದನ್ನು ರಥ ಹತ್ತಿದ ಉತ್ಸವಮೂರ್ತಿಯ ಹಾಗೆ ಕೂರಿಸಿದ್ದಾನೆ.

ಇವನು ಮರದ ಅಚ್ಚು ಕೆತ್ತುವುದರಲ್ಲೂ ಪಳಗಿದವನು. ಆ ಅಭ್ಯಾಸ ಬಣ್ಣಕ್ಕೂ ಬಂದಿದೆ. ಬ್ರಷ್ಷಿನಲ್ಲಿ ನೀರು ಕಡಿಮೆ. ತೆಳು ಗೆರೆಗಳು, ಒಂದರ ಪಕ್ಕ ಒಂದು. ಬೆಳಕು ಬೇಕಾದಲ್ಲಿ ಕಾಗದವನ್ನು ಹಾಗೇ ಬಿಡುತ್ತಾನೆ. ಅಷ್ಟು ಭಾರದ ಲೋಹವನ್ನು ಇಷ್ಟು ತೆಳು ಬಣ್ಣದಲ್ಲಿ ನಿಲ್ಲಿಸುವುದು ಸುಮ್ನೆ ಅಲ್ಲ. ನೀವಾದರೆ ಮೊದಲು ಪಿಚ್, ಅಂದರೆ ಎಲೆಗಳ ಓರೆ, ಸರಿಯುಂಟಾ ಅಂತ ಕೇಳುತ್ತಿದ್ದಿರಿ. ನನ್ನ ಕಣ್ಣಿಗೆ ಸರಿಯೇ ಕಂಡಿತು.

ಒಂದೇ ತಕರಾರು. ಜಾಸ್ತಿ ಚೊಕ್ಕ. ಗ್ರೀಸ್ ಇಲ್ಲ, ಪಾಚಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯಲ್ಲಿ ಬೋಟು ಮೇಲೆ ಎಳೆದಾಗ ನಮ್ಮ ಫ್ಯಾನ್ ಹೇಗಿರುತ್ತದೆ! ಮೈತುಂಬ ಚಿಪ್ಪು. ಜೋರಾಗಿ ತಿರುಗುವಾಗ ಏಳುವ ಗುಳ್ಳೆ ಒಡೆದು ಒಡೆದು ಎಲೆಯ ಅಂಚು ಗುಳಿ ಬಿದ್ದಿರುತ್ತದೆ. ನೀವು ಬೆರಳು ಸವರಿಯೇ ಅದನ್ನು ಹುಡುಕುತ್ತೀರಿ. ಉಪ್ಪುನೀರು ಫ್ಯಾನನ್ನು ಬಿಟ್ಟು ತನ್ನನ್ನು ತಿನ್ನಲಿ ಅಂತ ಕಟ್ಟಿದ ಜಿಂಕ್ ತುಂಡು ಅರ್ಧ ಕರಗಿರುತ್ತದೆ. ಅದನ್ನೆಲ್ಲ ಇವನು ಬರೆದಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು. ಹಾಗಂತ ಹಳೇ ಸಾಮಾನು ಅಂದರೆ ಅವನಿಗೆ ಅಸಡ್ಡೆ ಇರಲಿಲ್ಲ. ಬಂದರಿನ ಲಂಗರು, ಮೂಲೆಗೆ ಬಿದ್ದ ಯಂತ್ರ, ಗುಜರಿ ಗಾಡಿ ಎಲ್ಲ ಬರೆದಿದ್ದಾನೆ. ಮನುಷ್ಯರೇ ಕಡಿಮೆ.

ಆಗ ಯುದ್ಧ. ನೌಕಾಪಡೆಯ ಕೆಲಸಗಳನ್ನು ಚಿತ್ರಿಸಲು ಅವನನ್ನು ನೇಮಿಸಿದ್ದರು. 1942ರಲ್ಲಿ ಐಸ್‌ಲ್ಯಾಂಡ್ ಹತ್ತಿರ, ಕಾಣೆಯಾದ ವಿಮಾನವೊಂದನ್ನು ಹುಡುಕಲು ಹೊರಟ ವಿಮಾನದಲ್ಲಿ ಹೋದವನು ತಿರುಗಿ ಬರಲಿಲ್ಲ. ವಯಸ್ಸು 39.

ಅಪ್ಪ, ಈ ಸಲ ಬೋಟು ಮೇಲೆ ಹತ್ತಿದಾಗ, ಉಜ್ಜುವ ಮೊದಲು, ತಮ್ಮನ ಹತ್ತಿರ ಫ್ಯಾನಿನ ಫೋಟೋ ತೆಗೆಸಿ ಕಳಿಸಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಅಂಚಿನ ಗುಳಿ ಕಾಣಬೇಕು. ಬಣ್ಣದ ಡಬ್ಬಿ ತಂದಿಟ್ಟಿದ್ದೇನೆ. ಅವನು ಮುಂದೆ ನಿಂತು ಸೆಲ್ಫಿ ತೆಗೆಯುವುದು ಬೇಡ ಅನ್ನಿ.

ನಿಮ್ಮ ಮಗಳು