ಅಪ್ಪಯ್ಯನ ಆಂಜಿಯೋಗ್ರಾಂ ಮುಂದೆ ಹಾಕ್ಬೇಡಿ

ಅಮ್ಮಾ,

ನಮಸ್ಕಾರ. ನಾವೆಲ್ಲ ಕ್ಷೇಮ, ಮಕ್ಕಳಿಗೆ ಶೀತ ಆಗಿತ್ತು, ಈಗ ಕಮ್ಮಿ. ನೀನು ಪುಟ್ಟಿ ಕೈಲಿ ಬರೆಸಿ ಕಳಿಸಿದ್ದು ಓದಿದಾಗಿಂದ ತಲೇಲಿ ಅದೇ ಓಡ್ತಾ ಇದೆ. ಡಾಕ್ಟರು ಆಂಜಿಯೋಗ್ರಾಂ ಮಾಡ್ಸಿ ಹೃದಯದ ರಕ್ತನಾಳ ನೋಡೋಣ, ಬ್ಲಾಕ್ ಇದ್ರೆ ನಾಳ ತೆರೆದಿಡೋಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕೋಣ ಅಂದ್ರೂ ಅಪ್ಪಯ್ಯ "ಮಗಳು ಬರ್ಲಿ, ಅವ್ಳು ಅಷ್ಟು ದೂರದಿಂದ ಬರೋಕೆ ಮೂರು ದಿನ ಬೇಕು" ಅಂತ ಕೂತಿದ್ದಾರಂತಲ್ಲ. ಮೂರು ದಿನ ಅಂತ ಯಾರಮ್ಮಾ ಹೇಳಿದ್ದು? ಸುಬ್ಬಣ್ಣ ಮಾವನೇ ಇರ್ಬೇಕು.

ಸರಿಯಾಗಿ ಕೇಳು, ಅಪ್ಪಯ್ಯಂಗೂ ಓದಿ ಹೇಳು. ಸಿಡ್ನಿಯಿಂದ ಬೆಂಗಳೂರಿಗೆ 9,300 ಕಿಲೋಮೀಟರ್ ಚಿಲ್ಲರೆ. 2022ರಲ್ಲಿ ಕ್ವಾಂಟಸ್‌ನವರು ನೇರ ವಿಮಾನ ಶುರು ಮಾಡಿದಾರೆ, ಎಲ್ಲೂ ಇಳಿಯೋದಿಲ್ಲ, ಸುಮಾರು 12 ತಾಸು ಅಷ್ಟೆ. ನಮ್ಮ ಗಡಿಯಾರ ಈಗ ನಿಮಗಿಂತ ನಾಲ್ಕೂವರೆ ತಾಸು ಮುಂದೆ ಇರೋದ್ರಿಂದ ಇಲ್ಲಿ ಬೆಳಿಗ್ಗೆ ಹತ್ತಿದ್ರೆ ಅದೇ ದಿನ ಸಾಯಂಕಾಲ ದೇವನಹಳ್ಳಿ, ರಾತ್ರಿ ತಾಳಗುಪ್ಪ ರೈಲು, ಬೆಳಗಾದ್ರೆ ಸಾಗರ. ನೇರ ವಿಮಾನದಲ್ಲಿ ಸೀಟ್ ಸಿಗ್ಲಿಲ್ಲ ಅಂದ್ರೆ ಸಿಂಗಾಪುರದ ಮೇಲೆ ಬರ್ತೀನಿ, ಅಲ್ಲೀತನಕ 8 ತಾಸು, ಅಲ್ಲಿಂದ ಬೆಂಗಳೂರಿಗೆ ನಾಲ್ಕೂವರೆ, ಮಧ್ಯೆ ಕಾಯೋದು ಎಷ್ಟೋ ಅಷ್ಟು. ಆಗ್ಲೂ ಮೂರು ದಿನ ಆಗಲ್ಲ.

ನಿಂಗೆ ಗೊತ್ತಾ, ವಿಮಾನ ಏರಿ ನಾಲ್ಕು ತಾಸಾದ್ರೂ ಕೆಳಗೆ ಆಸ್ಟ್ರೇಲಿಯಾನೇ ಮುಗಿಯಲ್ಲ! ಬರೀ ಕೆಂಪು ನೆಲ, ಒಂದು ಊರು ಕಾಣಲ್ಲ. ಆಮೇಲೆ ಸಮುದ್ರ ಶುರುವಾದ್ರೆ ಹೆಚ್ಚುಕಮ್ಮಿ ಲಂಕೆ ಬರೋ ತನಕ ನೀರೇ. ಊರಿಗೆ ಬರುವಾಗ ಗಾಳಿ ಎದುರು ಹೊಡೆಯುತ್ತೆ, ಅದಕ್ಕೆ ವಾಪಸ್ ಹೋಗೋದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು. ಇನ್ನೊಂದು, ಇಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರ ತನಕ ಏರ್‌ಪೋರ್ಟಲ್ಲಿ ನಮ್ಮಂಥ ಪ್ರಯಾಣಿಕರ ವಿಮಾನ ಹಾರಿಸೋ ಹಾಗಿಲ್ಲ, ಸುತ್ತಮುತ್ತ ಇರೋರಿಗೆ ನಿದ್ದೆ ಆಗ್ಬೇಕು ಅಂತ ಕಾನೂನೇ ಇದೆ. ಜನರ ನಿದ್ದೆಗೆ ಇಷ್ಟು ಬೆಲೆ ಕೊಡ್ತಾರಲ್ಲ, ನಂಗೆ ತುಂಬಾ ಒಳ್ಳೇದು ಅನ್ಸುತ್ತೆ.

ಈಗ ಮುಖ್ಯ ವಿಷ್ಯ. ನಾನು ಬರೋದಕ್ಕೂ ಡಾಕ್ಟರು ಹೇಳಿದ ಡೇಟಿಗೂ ಗಂಟು ಹಾಕ್ಬೇಡಿ. ಎದೆ ಬಿಗಿಯುತ್ತೆ ಅಂತ ಅವರೇ ಹೇಳಿದಾರಲ್ಲ, ಅದನ್ನ ಗ್ಯಾಸು ಅಂತ ಜೀರಿಗೆ ಕಷಾಯ ಕುಡ್ಕೊಂಡು ಕೂರೋದಲ್ಲ. ಆಂಜಿಯೋಗ್ರಾಂ ಅಂದ್ರೆ ಎದೆ ಕೊಯ್ಯಲ್ಲ, ಕೈ ಇಲ್ಲಾ ತೊಡೆ ಹತ್ರ ಸಣ್ಣ ನಳಿಗೆ ಹಾಕಿ ನೋಡ್ತಾರೆ, ಸ್ಟೆಂಟ್ ಹಾಕಿದ್ರೂ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸ್ತಾರೆ. ಕವಳ ಬಿಡ್ಲಿ, ಹೊಗೆಸೊಪ್ಪಂತೂ ಬೇಡವೇ ಬೇಡ. ರಾತ್ರಿ ಎದೆನೋವು ಜೋರಾದ್ರೆ ನಂಗೆ ಫೋನ್ ಮಾಡ್ತಾ ಕೂರ್ಬೇಡಿ, ಮೊದ್ಲು 108ಕ್ಕೆ ಮಾಡಿ, ಆಮೇಲೆ ನಂಗೆ.

ದುಡ್ಡಿನ ಚಿಂತೆ ಬೇಡ, ತಮ್ಮನ ಅಕೌಂಟಿಗೆ ಹಾಕಿದೀನಿ, ಇನ್ನೂ ಬೇಕಾದ್ರೆ ಹಾಕ್ತೀನಿ. ಅಡಿಕೆ ಮಾರೋ ಮಾತೇ ಬೇಡ. ಆಫೀಸಲ್ಲಿ ರಜೆಗೆ ಹೇಳಿಟ್ಟಿದೀನಿ, ಇವ್ರು ಮಕ್ಕಳನ್ನ ನೋಡ್ಕೋತಾರೆ, ನಂಗೆ ಏನೂ ತೊಂದ್ರೆ ಇಲ್ಲ, ನಿಜವಾಗ್ಲೂ ಇಲ್ಲ. ಡೇಟ್ ತಿಳಿಸಿದ ತಕ್ಷಣ ಟಿಕೆಟ್ ಮಾಡ್ತೀನಿ, ಹಿಂದಿನ ದಿನವೇ ಅಲ್ಲಿರ್ತೀನಿ.

ದೊಡ್ಡಮ್ಮಂಗೆ ಕೇಳಿದೆ ಅನ್ನು. ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋ ಹೊತ್ತಾಯ್ತು, ಉಳಿದದ್ದು ಫೋನಲ್ಲಿ. ಅಪ್ಪಯ್ಯಂಗೆ ಇವತ್ತೇ ಓದಿ ಹೇಳು.

ಇತಿ,
ಸುಮಾ